ಬೆಳಗಿನ ಜಾವದ ಸಾಕ್ಷಿ

ಬೆಳಕು ಹರಿಯುವುದರೊಳಗೆ ಲಾಯರಮ್ಮ ಮುಗಿಸಬೇಕಾಗಿದ್ದ ಕೆಲಸಗಳು ಇವು: ಮುಂಬಾಗಿಲ ಚಿಲಕ ತೆಗೆದು ಹಾಲು ಒಳಗೆ ತರುವುದು. ಒಲೆ ಹಚ್ಚಿ ಒಂದು ಕಡೆ ಹಾಲು, ಇನ್ನೊಂದು ಕಡೆ ಸ್ನಾನದ ನೀರು ಇಡುವುದು. ನೆನೆಸಿಟ್ಟ ಬಟ್ಟೆ ಒಗೆದು ಹಿಂಡುವುದು. ಗಂಡನ ಬಿಳಿ ಕೊರಳಪಟ್ಟಿಗೆ ಗಂಜಿ ಹಾಕಿ ಇಸ್ತ್ರಿ ತಿಕ್ಕುವುದು. ಕಪ್ಪು ಕೋಟಿನ ಭುಜದ ಮೇಲೆ ಉದುರಿದ ತಲೆಹೊಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಅತ್ತೆಯ ಮಾತ್ರೆಗಳನ್ನು ತಟ್ಟೆಯಲ್ಲಿಟ್ಟು ಅತ್ತೆ ಅವುಗಳನ್ನು ನುಂಗುವ ತನಕ ಎದುರಿಗೇ ನಿಲ್ಲುವುದು. ಮಗಳ ಊಟದ ಡಬ್ಬಿ ತುಂಬುವುದು. ಹುರಳಿಕಾಯಿಯ ನಾರು ತೆಗೆದು ಹೆಚ್ಚುವುದು. ಇವೆಲ್ಲದರ ನಡುವೆ, ಒದ್ದೆ ಕೈ ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ, ತಾನು ಅಂದು ಗೋದಾಮಿನ ಹತ್ತಿರ ಸುಳಿಯಲೇ ಇಲ್ಲವೆಂದೂ, ಸತ್ತವನ ಮುಖ ಪರಿಚಯವೂ ಇಲ್ಲವೆಂದೂ, ಚಾಕುವನ್ನು ಕಣ್ಣಿನಿಂದ ಕಂಡೇ ಇಲ್ಲವೆಂದೂ ಸತ್ಯಪ್ರಮಾಣ ಮಾಡಿ ಹೇಳುವುದು.

ಅಷ್ಟು ಹೊತ್ತಿಗೆ ಚಾಕು ಆಕೆಯ ಕೈಯಲ್ಲೇ ಇರುತ್ತಿತ್ತು, ಹುರಳಿಕಾಯಿಯ ಮೇಲೆ.

ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಯಾವ ಮನೆಯಲ್ಲಾದರೂ ಇರುವ ಕೆಲಸಗಳೇ. ಕೊನೆಯದು ಮಾತ್ರ ಸಕ್ಕರೆ ಲಾಯರ ಮನೆಯದ್ದು.

ಸಕ್ಕರೆ ಲಾಯರು ಎಂಬುದು ಊರು ಕೊಟ್ಟ ಹೆಸರು. ಅವರು ಪಾಟೀಸವಾಲಿಗೆ ಎದ್ದು ನಿಂತರೆ ಎದುರು ಪಕ್ಷದ ಸಾಕ್ಷಿಯನ್ನು ಗದರಿಸುತ್ತಿರಲಿಲ್ಲ, ಮೇಜು ಗುದ್ದುತ್ತಿರಲಿಲ್ಲ. ‘ತಮ್ಮಂಥ ಹಿರಿಯರು’ ಎನ್ನುತ್ತಿದ್ದರು. ‘ತಾವು ಕಷ್ಟಜೀವಿಗಳು, ನೋಡಿದರೇ ಗೊತ್ತಾಗುತ್ತದೆ’ ಎನ್ನುತ್ತಿದ್ದರು. ಸಾಕ್ಷಿ ಹಿಗ್ಗಿ ಹೀರೇಕಾಯಿಯಾಗಿ, ಕೇಳಿದ್ದಕ್ಕೆಲ್ಲ ಹೌದು ಹೌದು ಎಂದು ತಲೆಯಾಡಿಸಿ, ಕಟಕಟೆ ಇಳಿದು ಮನೆಗೆ ಹೋಗಿ, ಉಂಡು ಕೈ ತೊಳೆಯುವಾಗ ತಾನು ಏನನ್ನು ಒಪ್ಪಿಕೊಂಡು ಬಂದೆ ಎಂಬುದು ತಟ್ಟನೆ ಹೊಳೆದು ಬಾಯಿ ಬಡಿದುಕೊಳ್ಳುತ್ತಿದ್ದ.

ಆ ಸಕ್ಕರೆ ಪಾಕಕ್ಕೆ ಬರುತ್ತಿದ್ದದ್ದು ಅಡುಗೆಮನೆಯಲ್ಲಿ. ನಾಳೆ ಯಾರನ್ನು ಸವಾಲಿಗೆ ಒಡ್ಡಬೇಕೋ ಅವನ ಹೇಳಿಕೆಯನ್ನು ಲಾಯರು ಹಿಂದಿನ ದಿನ ಊಟದ ಹೊತ್ತಿಗೇ ಹೆಂಡತಿಗೆ ಓದಿ ಹೇಳುತ್ತಿದ್ದರು. ಬೆಳಗ್ಗೆ ಎದ್ದ ಕೂಡಲೆ ಆಕೆ ಅವನೇ ಆಗಿಬಿಡಬೇಕು. ಲಾಯರು ಬನಿಯನ್ನು ತೊಟ್ಟು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಒಲೆಗೂ ನೀರಿನ ಡ್ರಮ್ಮಿಗೂ ನಡುವೆ ಅತ್ತಿಂದಿತ್ತ ಓಡಾಡುತ್ತ ಪ್ರಶ್ನೆ ಕೇಳುವರು. ಆಕೆ ಕೆಲಸ ನಿಲ್ಲಿಸದೆ ಉತ್ತರ ಕೊಡುವಳು. ಲಾರಿ ಡ್ರೈವರ್, ಔಷಧದಂಗಡಿಯವನು, ಕುಡಿದು ಬಂದಿದ್ದ ಪೋಲೀಸಿನವನು, ಎರಡನೇ ಮದುವೆ ಮುಚ್ಚಿಟ್ಟ ಗುಮಾಸ್ತ, ಎಲ್ಲರೂ ಆಕೆಯೇ. ‘ನೀವಿನ್ನು ಇಳಿಯಬಹುದು’ ಎಂದು ಲಾಯರು ಹೇಳುವ ತನಕ ಆಕೆ ಹೆಂಡತಿಯ ಹಾಗೆ ಮಾತಾಡುವಂತಿರಲಿಲ್ಲ. ಇದು ನಿಯಮ.

“ರೀ, ಹಾಲು...”

“ಸಾಕ್ಷಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು.”

ಹಾಲು ಉಕ್ಕಿ ಒಲೆ ತುಂಬ ಹರಿಯಿತು. ಲಾಯರು ಅದನ್ನೇ ನೋಡುತ್ತ ನಿಂತರು.

“ಹಾಲು ಉಕ್ಕಿದ್ದನ್ನ ತಾವು ಕಣ್ಣಾರೆ ನೋಡಿದ್ರಾ?”

“ನೋಡ್ದೆ ಸ್ವಾಮಿ. ತಾವೂ ನೋಡಿದ್ರಿ. ಒರೆಸೋಳು ಮಾತ್ರ ನಾನೊಬ್ಬಳೇ.”

ಇದು ಶುರುವಾದದ್ದು ಮದುವೆಯಾದ ಹೊಸತರಲ್ಲಿ. ಆಗ ಲಾಯರಿಗೆ ಸಕ್ಕರೆಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಕೋರ್ಟಿನಲ್ಲಿ ಎದ್ದು ನಿಂತರೆ ಗಂಟಲ ಪಸೆ ಆರಿ, ಕೇಳಬೇಕಾದ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಕಾವಲುಗಾರನೊಬ್ಬ ಸಾಕ್ಷಿಯಾಗಿದ್ದ ಮೊಕದ್ದಮೆಯ ದಿನ ಬೆಳಗ್ಗೆ ಅವರು ಹೊಟ್ಟೆನೋವು ಬಂದವರ ಹಾಗೆ ಅಡುಗೆಮನೆಯ ಹೊಸ್ತಿಲ ಮೇಲೆ ಮುದುರಿ ಕೂತಿದ್ದರು. ಆಕೆ ಈರುಳ್ಳಿ ಹೆಚ್ಚುತ್ತಿದ್ದಳು.

“ಏನಾಯ್ತ್ರೀ?”

“ಏನಿಲ್ಲ. ಆ ಕಾವಲುಗಾರನ್ನ ಏನು ಕೇಳ್ಬೇಕು ಅಂತಲೇ ತೋಚ್ತಿಲ್ಲ.”

“ನನ್ನನ್ನ ಕೇಳಿ. ಕಾವಲುಗಾರ ನಾನೇ ಅಂದ್ಕೊಳ್ಳಿ.”

“ನೀನಾ?”

“ಯಾಕೆ? ನಿಮ್ಮಮ್ಮ ಏಳೋದಕ್ಕೆ ಮುಂಚೆ ಎದ್ದು, ನೀವೆಲ್ಲ ಮಲಗಿದ್ಮೇಲೆ ಚಿಲಕ ಹಾಕೋಳು ನಾನು. ಕಾವಲು ಅಂದ್ರೆ ಇನ್ನೇನು?”

ಲಾಯರು ನಕ್ಕರು. ನಕ್ಕದ್ದರಿಂದ ಗಂಟಲು ಬಿಟ್ಟುಕೊಂಡಿತು. ಒಂದೆರಡು ಪ್ರಶ್ನೆ ಕೇಳಿದರು. ಈರುಳ್ಳಿಯ ಘಾಟಿಗೆ ಆಕೆಯ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅದನ್ನು ನೋಡಿ ಅವರ ದನಿ ತಾನಾಗಿ ಮೆತ್ತಗಾಯಿತು. “ಪಾಪ, ರಾತ್ರಿಯೆಲ್ಲ ಎದ್ದಿರೋದು ಹುಡುಗಾಟವೇ? ಒಂದು ಗಳಿಗೆ ಕಣ್ಣು ಹತ್ತೋದು ಸಹಜ ಅಲ್ವಾ?” ಎಂದರು.

“ಹೌದ್ರೀ,” ಎಂದುಬಿಟ್ಟಳು ಆಕೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಂದು ಕೋರ್ಟಿನಲ್ಲಿ ಕಾವಲುಗಾರನೂ ಹಾಗೇ ಅಂದ. ಹೀಗೆ ಸಕ್ಕರೆ ಹುಟ್ಟಿದ್ದು ಈರುಳ್ಳಿಯಿಂದ. ಊರಿಗೆ ಅದು ತಿಳಿಯದು.

ಆಮೇಲೆ ಲಾಯರು ಗೆಲ್ಲುತ್ತ ಹೋದರು. ಗೆದ್ದ ದಿನ ಸಂಜೆ ಬಾಗಿಲಲ್ಲೇ ಚಪ್ಪಲಿ ಒಂದು ಕಡೆ, ಕೋಟು ಒಂದು ಕಡೆ ಎಸೆದು ಕೂಗುವರು: “ಲೇ, ಇವತ್ತು ನೀನು ಸೋತೆ ಕಣೇ!” ಸೋತವಳು ಆಕೆಯೇ ತಾನೆ, ಸಾಕ್ಷಿ ಆಕೆಯಾದ್ದರಿಂದ! ಸೋತವಳು ಕೋಟನ್ನು ಎತ್ತಿ ಗೂಟಕ್ಕೆ ಹಾಕಿ ಗೆದ್ದವರಿಗೆ ಕಾಫಿ ಮಾಡಿ ಕೊಡುವಳು. ಅಪರೂಪಕ್ಕೆ ಅವರು ಸೋತು ಬಂದರೆ ಅದಕ್ಕೂ ಆಕೆಯೇ ಹೊಣೆ. “ಬೆಳಗ್ಗೆ ನೀನು ಒಂಥರಾ ಹೇಳ್ದೆ, ಅಲ್ಲಿ ಅವನು ಇನ್ನೊಂಥರಾ ಹೇಳ್ದ. ನೀನು ಸರಿಯಾಗಿ ಡ್ರೈವರ್ ಆಗಿದ್ರೆ ಹೀಗಾಗ್ತಿತ್ತಾ?”

“ಲಾರಿ ತಂದ್ಕೊಟ್ಟಿದ್ರೆ ಸರಿಯಾಗಿ ಆಗ್ತಿದ್ದೆ,” ಎನ್ನುವಳು ಆಕೆ. “ನನ್ನ ಹತ್ರ ಇದ್ದದ್ದು ಸೌಟು.”

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ‘ನನ್ನ ತಾಯಿ’ ಎಂಬ ಪ್ರಬಂಧ ಬರೆಯಬೇಕಾಯಿತು. ಬೇರೆ ಮಕ್ಕಳೆಲ್ಲ ತಾಯಿ ದೇವರು, ತಾಯಿ ತಂಪು ನೆರಳು ಎಂದು ಬರೆದರು. ಇವಳು, ‘ನಮ್ಮಮ್ಮ ಬೆಳಗ್ಗೆ ಕೊಲೆ ಮಾಡಿರುತ್ತಾಳೆ, ಆದರೆ ಒಪ್ಪಿಕೊಳ್ಳುವುದಿಲ್ಲ. ಆಮೇಲೆ ನನಗೆ ಜಡೆ ಹಾಕುತ್ತಾಳೆ’ ಎಂದು ಬರೆದಳು. ಟೀಚರು ತಾಯಿಯನ್ನು ಕರೆಸಿದರು. ಹೋದದ್ದು ಲಾಯರಮ್ಮನೇ. ಲಾಯರಿಗೆ ಅಂದು ಕೇಸು ಮುಂದೂಡಿಸಲು ವಾಯಿದೆ ಸಿಗಲಿಲ್ಲ. ಮಗಳ ಶಾಲೆಗೆ ಹೋಗುವ ದಿನ ಅವರಿಗೆ ಯಾವತ್ತೂ ವಾಯಿದೆ ಸಿಕ್ಕಿದ್ದಿಲ್ಲ.

ಹಾಗಂತ ಅವರು ಕೆಟ್ಟ ಗಂಡನೇನಲ್ಲ. ಕೈ ಎತ್ತಿದವರಲ್ಲ, ಹೆಂಡತಿಯ ಮಾತಿಗೆ ಮನಸಾರೆ ನಗುತ್ತಿದ್ದರು. ಆಕೆಗೆ ಜ್ವರ ಬಂದಾಗ ಡಾಕ್ಟರನ್ನು ಮನೆಗೇ ಕರೆಸಿ ಅವನಿಗೆ ಎಂಥ ಪಾಟೀಸವಾಲು ಮಾಡಿದರೆಂದರೆ, ಕೊನೆಗೆ ಡಾಕ್ಟರು ಇದು ಜ್ವರ ಹೌದೋ ಅಲ್ಲವೋ ತನಗೇ ಖಾತ್ರಿಯಿಲ್ಲವೆಂದು ಒಪ್ಪಿಕೊಂಡು, ಫೀಸೂ ತೆಗೆದುಕೊಳ್ಳದೆ ಹೊರಟುಹೋದ. ಲಾಯರು ಗೆದ್ದ ಖುಷಿಯಲ್ಲಿ ಬಂದು ಮಂಚದ ಪಕ್ಕ ಕೂತು, “ಇವತ್ತು ನೀನು ಏಳಬೇಡ, ಎಲ್ಲ ನಾನು ನೋಡ್ಕೋತೀನಿ. ಅಂದ ಹಾಗೆ, ಬೆಂಕಿಪೊಟ್ಟಣ ಎಲ್ಲಿರುತ್ತೆ?” ಎಂದರು. ಆಮೇಲೆ ಪಾತ್ರೆ, ಆಮೇಲೆ ಚಮಚ, ಆಮೇಲೆ ಸಕ್ಕರೆ ಡಬ್ಬಿ. ಊರಿಗೆ ಸಕ್ಕರೆ ಲಾಯರಾದವರಿಗೆ ಸ್ವಂತ ಮನೆಯ ಸಕ್ಕರೆ ಡಬ್ಬಿ ಸಿಕ್ಕಲಿಲ್ಲ. ಆಕೆ ಎದ್ದು ಕಾಫಿ ಮಾಡಿ, ಇಬ್ಬರೂ ಕುಡಿದ ಮೇಲೆ ಮತ್ತೆ ಜ್ವರಕ್ಕೆ ಮಲಗಿದಳು.

ಕೋರ್ಟಿನಲ್ಲಿ ಅವರಿಗೆ ಒಳ್ಳೆ ಸಂಸಾರವಂದಿಗನೆಂಬ ಹೆಸರು ಬಂದದ್ದು ಒಂದು ಬಟ್ಟೆಯ ಕೈಚೀಲದಿಂದ. ಉಳಿದ ವಕೀಲರು ಚರ್ಮದ ಪೆಟ್ಟಿಗೆ ಹಿಡಿದು ಓಡಾಡುವಾಗ ಇವರ ಕೈಯಲ್ಲಿ ತರಕಾರಿ ಚೀಲ. ನೋಡಿದ ಹೆಂಗಸರು, ‘ಇಷ್ಟು ದೊಡ್ಡ ವಕೀಲರು, ದಿನಾ ಸಂಜೆ ಮನೆಗೆ ತರಕಾರಿ ಕೊಂಡುಹೋಗ್ತಾರೆ ನೋಡು’ ಎಂದು ತಮ್ಮ ತಮ್ಮ ಗಂಡಂದಿರನ್ನು ಚುಚ್ಚುತ್ತಿದ್ದರು. ಚೀಲದಲ್ಲಿ ಇರುತ್ತಿದ್ದದ್ದು ಮೊಕದ್ದಮೆಯ ಕಾಗದ. ತರಕಾರಿ ತರಲು ಲಾಯರಮ್ಮ ಇನ್ನೊಂದು ಚೀಲ ಹೊಲಿದುಕೊಂಡಿದ್ದಳು, ಮೊದಲನೆಯದು ಕೋರ್ಟಿಗೆ ಹೋಗಿ ತಿರುಗಿ ಬಾರದಿದ್ದರಿಂದ.

ಲಾಯರು ಒಂದು ಮಧ್ಯಾಹ್ನ ಆರಾಮಕುರ್ಚಿಯಲ್ಲಿ ಪತ್ರಿಕೆ ಓದುತ್ತ ಓದುತ್ತ ಹೋಗಿಬಿಟ್ಟರು. ಕೆಲವು ವಾರ ಕಳೆದ ಮೇಲೆ ವಕೀಲರ ಸಂಘದವರು ಅವರ ಭಾವಚಿತ್ರವನ್ನು ಗ್ರಂಥಾಲಯದಲ್ಲಿ ತೂಗುಹಾಕಿ ನೆನಪಿನ ಸಭೆ ಮಾಡಿದರು. ಲಾಯರಮ್ಮನನ್ನು ಮುಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂರಿಸಿದರು. ಅತ್ತೆ ಎಂದೋ ತೀರಿಕೊಂಡಿದ್ದಳು. ಮಗಳು ಬೇರೆ ಊರಿನ ಬ್ಯಾಂಕಿನಿಂದ ರಜೆ ಹಾಕಿ ಬಂದು ಪಕ್ಕದಲ್ಲಿ ಕೂತಿದ್ದಳು.

“ಕೋರ್ಟಿನ ಕೋಟನ್ನು ಅವರು ಮನೆಯ ಬಾಗಿಲಲ್ಲೇ ಕಳಚಿಡುತ್ತಿದ್ದರು,” ಎಂದರು ಸಂಘದ ಅಧ್ಯಕ್ಷರು ಗದ್ಗದರಾಗಿ. “ಒಳಗೆ ಕಾಲಿಟ್ಟರೆ ಬರೀ ಗಂಡ, ಬರೀ ತಂದೆ. ಕೋರ್ಟಿನ ಒಂದೇ ಒಂದು ಮಾತು ಆ ಹೊಸ್ತಿಲು ದಾಟಲಿಲ್ಲ.”

“ಬಾಗಿಲಲ್ಲಿ ಕಳಚಿದ್ದು ನಿಜ,” ಎಂದಳು ಲಾಯರಮ್ಮ ಮಗಳ ಕಿವಿಯಲ್ಲಿ. “ನೆಲದ ಮೇಲೆ.”

“ಅಮ್ಮಾ, ನಗಿಸಬೇಡ. ಎಲ್ಲರೂ ನಮ್ಮನ್ನೇ ನೋಡ್ತಿದಾರೆ.”

ಆಮೇಲೆ ಇನ್ನೊಬ್ಬ ಹಿರಿಯ ವಕೀಲರು ಎದ್ದು ಊರಿಗೆಲ್ಲ ಗೊತ್ತಿದ್ದ ಆ ಕಥೆ ಹೇಳಿದರು. ಒಮ್ಮೆ ಲಾಯರು ಪಾಟೀಸವಾಲಿನ ಭರದಲ್ಲಿ ಕಟಕಟೆಯಲ್ಲಿದ್ದ ದಢೂತಿ ಲಾರಿ ಡ್ರೈವರನ್ನು ನೋಡಿ, “ಬೆಳಗ್ಗೆ ಹುರಳಿಕಾಯಿ ಹೆಚ್ಚುವಾಗ ನೀವೇ ಒಪ್ಪಿಕೊಂಡಿರಲ್ಲ, ಬ್ರೇಕು ಸರಿಯಿರಲಿಲ್ಲ ಅಂತ!” ಎಂದುಬಿಟ್ಟಿದ್ದರು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಡ್ರೈವರು ಬೆವರಿ, “ಸ್ವಾಮಿ, ಹುರಳಿಕಾಯಿ ನನ್ನ ಹೆಂಡತಿ ಹೆಚ್ಚೋದು. ಆದರೆ ಬ್ರೇಕಿನ ವಿಷಯ ನಿಮಗೆ ಅವಳು ಹೇಳಿದ್ಲಾ?” ಎಂದ. ಮೊಕದ್ದಮೆ ಅಲ್ಲಿಗೆ ಮುಗಿಯಿತು.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಹಾ ಬುದ್ಧಿವಂತರ ಮರೆಗುಳಿತನ ಎಂದರೆ ಇದು ಎಂದು ಹಿರಿಯರು ಮಾತು ಮುಗಿಸಿದರು. ಆ ಬೆಳಗ್ಗೆ ಹುರಳಿಕಾಯಿ ಹೆಚ್ಚುತ್ತಿದ್ದವರು ಯಾರು ಎಂದು ಅಷ್ಟು ಜನ ವಕೀಲರಲ್ಲಿ ಒಬ್ಬರಿಗೂ ಕೇಳಬೇಕೆನಿಸಲಿಲ್ಲ. ದಿನಾ ಬೆಳಗಾದರೆ ಪ್ರಶ್ನೆ ಕೇಳಿ ಅನ್ನ ಸಂಪಾದಿಸುವವರು.

ಮಗಳು ಬ್ಯಾಂಕಿಗೆ ವಾಪಸಾಗುವ ಮುನ್ನ ತಾಯಿಗೆ ಬುದ್ಧಿ ಹೇಳಿದಳು. “ಇನ್ನಾದ್ರೂ ಬೆಳಗ್ಗೆ ಹೊತ್ತು ಮಲಗಮ್ಮ. ಯಾರು ನಿನ್ನ ಎಬ್ಬಿಸ್ತಾರೆ ಈಗ?”

ಎಬ್ಬಿಸುವವರು ಇಲ್ಲದಿದ್ದರೂ ಲಾಯರಮ್ಮನಿಗೆ ಎಚ್ಚರವಾಗುತ್ತಿತ್ತು. ಹಾಲು ಒಳಗೆ ತಂದು ಕಾಯಿಸಿದಳು, ಉಕ್ಕುವ ಮೊದಲೇ ಇಳಿಸಿದಳು. ಒಬ್ಬಳಿಗೆ ಬೇಕಾದ ಹುರಳಿಕಾಯಿ ಒಂದು ಹಿಡಿ. ಅದನ್ನು ಹೆಚ್ಚಿ ಮುಗಿಸಿದರೂ ಕಿಟಕಿಯಾಚೆ ಇನ್ನೂ ಕತ್ತಲೆ. ನೀನು ಅಂದು ಎಲ್ಲಿದ್ದೆ, ಯಾರ ಜೊತೆಗಿದ್ದೆ, ನಿಜ ಹೇಳು ಎಂದು ಕೇಳುವವರಿಲ್ಲದೆ ಅಡುಗೆಮನೆ ಬಾವಿಯ ಹಾಗೆ ಸುಮ್ಮನಿತ್ತು. ಒಂದು ಬೆಳಗ್ಗೆ ಆಕೆ ಒಲೆಗೇ, “ನನಗೇನೂ ಗೊತ್ತಿಲ್ಲ ಸ್ವಾಮಿ,” ಎಂದು ನೋಡಿದಳು. ಒಲೆ ಪಟ್ಟು ಹಿಡಿಯಲಿಲ್ಲ.

ಹೀಗಿರುವಾಗ ಒಂದು ದಿನ ಇನ್ನೂ ಬೆಳಕು ಮೂಡದ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಜೂನಿಯರು. ತಲೆ ಬೋಳಾಗಿ, ಮಗನಿಗೆ ಮೀಸೆ ಚಿಗುರಿದ್ದರೂ ಊರಿಗೆ ಇವನು ಇನ್ನೂ ಜೂನಿಯರೇ. ಲಾಯರ ಕೈಕೆಳಗೆ ಕೆಲಸ ಕಲಿತವನು. ಬೆಳಗ್ಗೆ ಕಾಗದಪತ್ರ ಒಯ್ಯಲು ಬರುತ್ತಿದ್ದವನಾದ್ದರಿಂದ ಅಡುಗೆಮನೆಯ ವಿಚಾರಣೆಗಳನ್ನು ಕಿವಿಯಾರೆ ಕೇಳಿದ ಒಬ್ಬನೇ ಹೊರಗಿನವನು.

“ಅಮ್ಮಾ, ಒಂದು ಉಪಕಾರ ಆಗ್ಬೇಕು.”

“ಹೇಳಪ್ಪ.”

“ನೀವೊಂದು ಹೆಂಗಸಾಗ್ಬೇಕು.”

“ಈಗ ನಾನು ಏನಾಗಿದೀನಿ ಅಂತ ನಿನ್ನ ಲೆಕ್ಕ?”

“ಅಯ್ಯೋ, ಹಾಗಲ್ಲಮ್ಮ! ಲಾಂಡ್ರಿ ಹೆಂಗಸು. ಸಾಕ್ಷಿ. ಇವತ್ತು ಪಾಟೀಸವಾಲು ಇದೆ. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ.”

ಲಾಯರಮ್ಮನ ಎದೆಯೊಳಗೆ ಏನೋ ಪುಟಿದೆದ್ದು ಕೂತಿತು. ಅದನ್ನು ತೋರಗೊಡದೆ, “ಒಳಗೆ ಬಾ. ಚಪ್ಪಲಿ ಸಾಲಾಗಿ ಬಿಡು,” ಎಂದಳು.

ಮೊಕದ್ದಮೆ ಹೀಗಿತ್ತು. ಪೇಟೆ ಬೀದಿಯ ಒಂದು ಲಾಂಡ್ರಿ. ಬೋರ್ಡಿನ ಮೇಲೆ ಇದ್ದದ್ದು ಗಂಡನ ಹೆಸರು. ಒಳಗೆ ಕೆಂಡದ ಹಾಗೆ ಕಾದ ಇಸ್ತ್ರಿಪೆಟ್ಟಿಗೆ ಹಿಡಿದು ಬೆಳಗಿನಿಂದ ಸಂಜೆತನಕ ನಿಂತವಳು ಹೆಂಡತಿ. ಗಂಡ ಸತ್ತ ಮೇಲೆ ಅವನ ತಮ್ಮ ಬಂದು, ಅಂಗಡಿ ಅಣ್ಣ ತಮ್ಮಂದಿರದ್ದು, ನಿನಗೆ ಬೇಕಾದರೆ ತಿಂಗಳಿಗಿಷ್ಟು ಅಂತ ಊಟಕ್ಕೆ ಕೊಡುತ್ತೇನೆ ಎಂದ. ಅವಳು ಕೋರ್ಟಿಗೆ ಹೋಗಿ, ಅಂಗಡಿ ಕಟ್ಟಿದವಳು ನಾನೂ ಹೌದು, ಗಂಡನಷ್ಟೇ ದುಡಿದ ಪಾಲುದಾರಳು ನಾನು, ನನ್ನ ಅರ್ಧ ನನಗೆ ಕೊಡಿ ಎಂದು ದಾವೆ ಹಾಕಿದಳು. ಕಾಗದಪತ್ರ ಏನೂ ಇಲ್ಲ, ಇರುವುದು ಅವಳ ಬಾಯಿಮಾತು ಒಂದೇ. ಅದು ಇವತ್ತು ಕಟಕಟೆಯಲ್ಲಿ ನಿಂತರೆ ಅರ್ಧ ಅಂಗಡಿ ಅವಳದ್ದು, ಬಿದ್ದರೆ ಮೈದುನನ ಮನೆಯ ಊಟ. ಜೂನಿಯರು ಮೈದುನನ ವಕೀಲ.

“ಅವಳು ಪಾಲುದಾರಳಲ್ಲ, ಹೆಂಡತಿ ಅಂತ ಆಗೊಂದು ಕೈ ಈಗೊಂದು ಕೈ ಹಾಕಿದ್ಲು, ಅಷ್ಟೇ ಅಂತ ಅವಳ ಬಾಯಿಂದಲೇ ಬರಬೇಕಮ್ಮ. ಸಾಹೇಬ್ರಾಗಿದ್ರೆ ಬರಿಸ್ತಿದ್ರು.”

“ಸುಮ್ನೆ ನಿಂತ್ಕೊಂಡು ಕೇಳಬೇಡ, ಈ ಹುರಳಿಕಾಯಿ ನಾರು ತೆಗಿ. ನಾನು ಇಸ್ತ್ರಿ ಹಿಡೀತೀನಿ. ಲಾಂಡ್ರಿಯವಳಲ್ವಾ?”

ಆಕೆ ಮೇಜಿನ ಮೇಲೆ ಹಳೇ ಕಂಬಳಿ ಹಾಸಿ, ಇಸ್ತ್ರಿಪೆಟ್ಟಿಗೆ ಕಾಯಿಸಿ, ಒಗೆದ ಟವೆಲ್ಲುಗಳ ರಾಶಿ ತಂದಿಟ್ಟುಕೊಂಡಳು. ಸೆರಗು ಬಿಗಿದಳು. ಮುಖದ ಗೆರೆಗಳು ಬೇರೆಯೇ ಆದವು.

ಜೂನಿಯರು ಹುರಳಿಕಾಯಿಯ ನಾರಿನ ಜೊತೆ ಅರ್ಧ ಕಾಯನ್ನೂ ಕಿತ್ತುಹಾಕುತ್ತ ಗುಡುಗಿದ: “ನೀವು ಅಂಗಡಿಯಲ್ಲಿ ಯಾವ ಕೆಲಸವನ್ನೂ ಮಾಡ್ತಿರಲಿಲ್ಲ ಅಂತ ನಾನು ಹೇಳ್ತೀನಿ!”

“ಹೇಳಿ ಸ್ವಾಮಿ. ಹೇಳೋದಕ್ಕೇನು ಕಾಸು ಕೊಡಬೇಕಾ?”

“ಬೀಗದ ಕೈ ನಿಮ್ಮ ಗಂಡನ ಹತ್ತಿರ ಇರ್ತಿತ್ತು!”

“ಇರ್ತಿತ್ತು. ಎಲ್ಲಿಟ್ಟಿದೀನಿ ಅಂತ ದಿನಾ ಬೆಳಗ್ಗೆ ನನ್ನ ಕೇಳ್ತಿದ್ರು.”

“ನಿಮಗೆ ಯಂತ್ರ ನಡೆಸೋಕೆ ಬರ್ತಿತ್ತಾ?”

“ಕೆಟ್ಟಾಗ ಒದ್ದು ಸರಿಮಾಡೋಕೂ ಬರ್ತಿತ್ತು.”

“ಹೌದು ಅಥವಾ ಇಲ್ಲ ಅಂತ ಮಾತ್ರ ಹೇಳಿ!”

“ಹೌದು ಅಥವಾ ಇಲ್ಲ.”

ಜೂನಿಯರ ಬೋಳುತಲೆಯ ಮೇಲೆ ಬೆವರು ಹನಿಯಿತು. ಅವನಿಗೆ ಗುರುವಿನ ಕೋಟು ಬಂದಿತ್ತು, ಗುರುವಿನ ಕಕ್ಷಿದಾರರು ಬಂದಿದ್ದರು, ಸಕ್ಕರೆಯೊಂದು ಬಂದಿರಲಿಲ್ಲ. ಅವನು ಕಿರುಚಿದಷ್ಟೂ ಲಾಂಡ್ರಿಯವಳು ನೆಟ್ಟಗಾಗುತ್ತಿದ್ದಳು. ಲಾಯರಮ್ಮನಿಗೆ ಎಷ್ಟೋ ದಿನಗಳ ಮೇಲೆ ಮೈಯಲ್ಲಿ ರಕ್ತ ಹರಿದಾಡಿದ ಹಾಗೆ ಅನಿಸಿತು. ಒಂದಾದ ಮೇಲೊಂದು ಟವೆಲ್ಲು ಮಡಿಕೆಯಾಗಿ ಬೀಳುತ್ತಿತ್ತು. ಉತ್ತರಗಳೂ ಹಾಗೇ, ಮಡಿಕೆ ಮುರಿಯದೆ.

ಕೊನೆಗೆ ಅವನು ಸೋತು ಸ್ಟೂಲಿನ ಮೇಲೆ ಕುಸಿದ. “ನೀವಿನ್ನು ಇಳಿಯಬಹುದಮ್ಮ. ಒಂದು ಲೋಟ ಕಾಫಿ ಕೊಡಿ.”

ಲಾಯರಮ್ಮ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಒಲೆಯ ಹತ್ತಿರ ಹೋದಳು. ಜೂನಿಯರು ಕಾಫಿ ಹೀರುತ್ತ, ಸವಾಲಿನ ದನಿ ಬಿಟ್ಟು, ಮನೆಯ ಮಗನ ಹಾಗೆ ಮೆಲ್ಲಗೆ ಮಾತಾಡಿದ.

“ಕಾಲ ಹೇಗೆ ಬಂತು ನೋಡಿ. ನೀವು ಸಾಹೇಬ್ರಿಗೆ ಇಷ್ಟು ವರ್ಷ ಎಷ್ಟೆಲ್ಲ ಮಾಡಿದ್ರಿ. ಪಾಲು ಕೊಡಿ ಅಂತ ಮಾಡಿದ್ರಾ? ಪ್ರೀತಿಯಿಂದ ಮಾಡಿದ್ರಿ, ನಮ್ಮ ಮನೆ ಅಂತ ಮಾಡಿದ್ರಿ. ಅಲ್ವಾಮ್ಮ?”

“ಹೌದಪ್ಪ,” ಎಂದಳು ಆಕೆ. “ನಮ್ಮ ಮನೆ ಅಂತಲೇ ಮಾಡ್ದೆ. ಪಾಲು ಗೀಲು ಯಾರಿಗೆ ನೆನಪಿರುತ್ತೆ?”

ಅಂದ ಮಾತು ಇನ್ನೂ ಬಾಯಲ್ಲಿರುವಾಗಲೇ ಆಕೆ ತಟ್ಟನೆ ಒಲೆಯ ಕಡೆ ತಿರುಗಿಬಿಟ್ಟಳು.

ಇದೇ ಅದು. ಇಷ್ಟು ಹೊತ್ತು ಇವನು ಮನೆಯೆಲ್ಲ ಹುಡುಕಾಡಿದ ಪ್ರಶ್ನೆ ಇವನ ಕೈಯಲ್ಲೇ ಇದೆ, ಕಾಫಿ ಲೋಟದ ಜೊತೆಗೆ. ಲಾಂಡ್ರಿಯವಳನ್ನು ಗದರಿಸಿದರೆ ಅವಳು ಬೀಳುವವಳಲ್ಲ. ಆದರೆ ಇದೇ ದನಿಯಲ್ಲಿ, ‘ಗಂಡನ ಮೇಲಿನ ಪ್ರೀತಿಯಿಂದ, ನಿಮ್ಮ ಮನೆ ಅಂತ ಮಾಡಿದಿರಲ್ವಾ ತಾಯಿ?’ ಎಂದು ಕೇಳಿದರೆ ಅವಳು ತಲೆ ಎತ್ತಿ, ಹೆಮ್ಮೆಯಿಂದ, ಹೌದು ಎನ್ನುತ್ತಾಳೆ. ಯಾವ ಹೆಂಗಸು ಇಲ್ಲ ಎನ್ನುತ್ತಾಳೆ? ಇಲ್ಲ ಎಂದರೆ ಸತ್ತ ಗಂಡನಿಗೆ ಅವಮಾನ, ಇದ್ದ ಬಾಳಿಗೆ ಅವಮಾನ. ಹೌದು ಎಂದರೆ ನ್ಯಾಯಾಧೀಶರು ಅದನ್ನು ಬರೆದುಕೊಳ್ಳುತ್ತಾರೆ: ಮನೆಯ ಕೆಲಸವೆಂದು ಮಾಡಿದ್ದು, ಪಾಲುದಾರಳಾಗಿ ಅಲ್ಲ. ಅರ್ಧ ಅಂಗಡಿ ಅಷ್ಟೇ ಸುಲಭವಾಗಿ ಹೋಯಿತು. ಅವಳು ಮನೆಗೆ ಹೋಗಿ ಕೈ ತೊಳೆಯುವಾಗ ಹೊಳೆಯುತ್ತದೆ. ಆ ಹೊತ್ತಿಗೆ ಕೈ ತೊಳೆಯುವುದು ಮೈದುನನ ಮನೆಯ ನೀರಿನಲ್ಲಿ.

“ಅಮ್ಮಾ,” ಜೂನಿಯರು ಹುಬ್ಬು ಗಂಟು ಹಾಕಿಕೊಂಡು ಲೋಟ ಕೆಳಗಿಟ್ಟ. “ಈಗ ನಾನೇನೋ ಅಂದೆನಲ್ಲ. ಅದರಲ್ಲಿ ಏನೋ ಇತ್ತು. ಏನಂದೆ?”

ಲಾಯರಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ನಾಲಿಗೆ ತುರಿಸುತ್ತಿತ್ತು. ಜೀವಮಾನವಿಡೀ ಆಕೆ ಮಾಡಿದ್ದೇ ಇಷ್ಟು: ಸಾಕ್ಷಿಯಲ್ಲಿ ತೂತು ಎಲ್ಲಿದೆ ಎಂದು ತಾನೇ ಬಿದ್ದು ತೋರಿಸುವುದು. ಆ ಬಿದ್ದ ಸಾಕ್ಷಿಗಳೆಲ್ಲ ಆಮೇಲೆ ಎಲ್ಲಿಗೆ ಹೋದರು, ಏನು ಉಂಡರು ಎಂದು ಯೋಚಿಸಲು ಆಕೆಗೆ ಬಿಡುವೇ ಇರಲಿಲ್ಲ, ಒಲೆಯ ಮೇಲೆ ಯಾವಾಗಲೂ ಏನಾದರೊಂದು ಇರುತ್ತಿತ್ತು. ಇವತ್ತು ಒಲೆ ಖಾಲಿ. ಜೂನಿಯರು ಒಳ್ಳೆಯ ಹುಡುಗ. ಲಾಯರು ಹೋದ ದಿನ ಓಡಾಡಿದವನು, ಇವತ್ತು ಗೆದ್ದರೆ ನಾಳೆಯೂ ಬಂದು ಬಾಗಿಲು ತಟ್ಟುತ್ತಾನೆ. ಸೋತರೆ ಬರಲಿಕ್ಕಿಲ್ಲ. ಬೆಳಗಿನ ಜಾವ ಮತ್ತೆ ಒಂದು ಹಿಡಿ ಹುರಳಿಕಾಯಿ, ಮಾತಾಡದ ಅಡುಗೆಮನೆ.

“ಏನಂದೆ ಅಮ್ಮಾ?”

“ಕಾಫಿಗೆ ಸಕ್ಕರೆ ಸಾಲದು ಅಂದೆ,” ಎಂದಳು ಆಕೆ. “ಹಾಕ್ಲಾ?”

“ಹಾಗಂದ್ನಾ ನಾನು?” ಅವನು ತಲೆ ಕೆರೆದುಕೊಂಡ.

“ಎರಡು ಸಲ ಅಂದೆ.”

ಸಕ್ಕರೆ ಹಾಕಿ ಕೊಟ್ಟು ಆಕೆ ಮೇಜಿನ ಹತ್ತಿರ ಬಂದಳು. ಅವನು ಬಿಟ್ಟುಕೊಡುವವನಲ್ಲ, ಹುಬ್ಬು ಇನ್ನೂ ಗಂಟಾಗಿಯೇ ಇತ್ತು. ಇನ್ನೊಂದು ಗುಟುಕು ಒಳಗೆ ಹೋದರೆ ನೆನಪಾಗಿಬಿಡುತ್ತದೆ. ಲಾಯರಮ್ಮ ರಾಶಿಯಿಂದ ಒಂದು ಒಳ್ಳೆಯ ಟವೆಲ್ಲನ್ನೇ ಆರಿಸಿ ತೆಗೆದು ಹರಡಿದಳು. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಳು. ಇಟ್ಟು ಕೈ ತೆಗೆದಳು.

ಹೊಗೆ ಎದ್ದಿತು.

“ಅಮ್ಮಾ! ಸುಡ್ತಿದೆ, ಸುಡ್ತಿದೆ!” ಜೂನಿಯರು ಹಾರಿ ಬಂದು ಪೆಟ್ಟಿಗೆ ಎತ್ತಿದ. ಟವೆಲ್ಲಿನ ಮೇಲೆ ಕಂದು ಬಣ್ಣದ ದೊಡ್ಡ ಮುದ್ರೆ. ಅವನು ಅದನ್ನು ನೋಡಿದ. ಆಕೆಯನ್ನು ನೋಡಿದ. ಅವನ ಮುಖದ ಮೇಲೆ ದೀಪ ಹೊತ್ತಿಕೊಂಡಿತು.

“ಲಾಂಡ್ರೀಲಿ ಬಟ್ಟೆ ಸುಡುತ್ತೆ! ಸುಟ್ರೆ ಗಿರಾಕಿ ಬಂದು ಜಗಳ ಆಡ್ತಾನೆ. ಜಗಳಕ್ಕೆ ಯಾರು ಉತ್ತರ ಕೊಡ್ತಾರೋ ಅವರೇ ಯಜಮಾನರು! ಅಮ್ಮಾ, ಒಂದೇ ನಿಮಿಷ, ಮತ್ತೆ ಹತ್ತಿ ಕಟಕಟೆ.” ಅವನು ಗಂಟಲು ಸರಿಮಾಡಿಕೊಂಡ. “ನಿಮ್ಮ ಅಂಗಡಿಯಲ್ಲಿ ಬಟ್ಟೆ ಸುಟ್ಟರೆ ಗಿರಾಕಿಗಳ ಹತ್ತಿರ ಬೈಸಿಕೊಳ್ತಿದ್ದವರು ಯಾರು?”

ಪೇಟೆ ಬೀದಿಯ ಆ ಹೆಂಗಸನ್ನು ಲಾಯರಮ್ಮ ಕಂಡವಳಲ್ಲ. ಆದರೆ ಈ ಪ್ರಶ್ನೆಗೆ ಅವಳು ಕೊಡುವ ಉತ್ತರ ಕಿವಿಯ ಹತ್ತಿರವೇ ಕೇಳಿಸುತ್ತಿತ್ತು. ಗಂಡ ಹಿಂಬಾಗಿಲಿಂದ ಜಾರಿಕೊಂಡು, ಮೈದುನ ಆ ಕಡೆಗೆ ತಲೆಯೇ ಹಾಕದೆ, ಸುಟ್ಟ ಅಂಗಿ ಹಿಡಿದು ಬಂದವರನ್ನೆಲ್ಲ ಒಬ್ಬಳೇ ಎದುರಿಸಿದವಳು ಈ ಮಾತು ಕೇಳಿದರೆ ಕಟಕಟೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ. ‘ಇನ್ಯಾರು ಸ್ವಾಮಿ, ನಾನೇ!’ ಎಂದು ಶುರುಮಾಡಿದರೆ ಯಾರ ಅಂಗಿ, ಯಾವ ಕೋಟು, ಯಾರು ಏನೇನು ಅಂದರು ಎಂದು ಸಂಜೆಯ ತನಕ ನಿಲ್ಲಿಸುವುದಿಲ್ಲ. ಆ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಅದೇ ಕೋರ್ಟಿನಲ್ಲಿ ಕಪ್ಪು ಕೋಟು ಹಾಕಿಕೊಂಡು ಕೂತಿರುತ್ತಾರೆ.

ಲಾಯರಮ್ಮ ಕಣ್ಣು ಕೆಳಗೆ ಮಾಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ದನಿ ನಡುಗಿಸಿದಳು.

“ಅದು... ನಂಗೊತ್ತಿಲ್ಲ ಸ್ವಾಮಿ. ಅದನ್ನೆಲ್ಲ ನಮ್ಮ ಮೈದುನ ನೋಡ್ಕೋತಿದ್ದ. ನಾನು ಒಳಗಿರ್ತಿದ್ದೆ.”

“ಸಿಕ್ತು!” ಜೂನಿಯರು ಕುಣಿದ ರಭಸಕ್ಕೆ ಹುರಳಿಕಾಯಿಯ ತಟ್ಟೆ ಮಗುಚಿ ಬಿತ್ತು. “ಬಿದ್ರಿ ಅಮ್ಮಾ, ನೀವು ಬಿದ್ರಿ!”

ಅವನು ಕಾಗದಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಚಪ್ಪಲಿಗೆ ಕಾಲು ತೂರಿಸಿ, ಗೇಟಿನ ತನಕ ಓಡಿದವನು ಅಲ್ಲೇ ನಿಂತ. ಬೀದಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಅವನು ತಿರುಗಿ ನೋಡಿದ.

“ಅಮ್ಮಾ, ಇದೊಂದೇ ಕೇಳಿ ಕೂತ್ಕೊಂಡ್ರೆ ಸಾಕು ಅಂತೀರಾ? ಇಲ್ಲ, ಬೇರೆ ಏನಾದ್ರೂ ಇದೆಯಾ? ನಿಮಗೇನಾದ್ರೂ ಹೊಳೆದಿದ್ರೆ ಹೇಳಿಬಿಡಿ.”

ಲಾಯರಮ್ಮ ಬಾಗಿಲ ಚೌಕಟ್ಟಿಗೆ ಕೈ ಆನಿಸಿ ನಿಂತಳು.

“ಇನ್ನೇನಿಲ್ಲಪ್ಪ,” ಎಂದಳು. “ಅದನ್ನೇ ಕೇಳು. ಅವಳು ಪೂರ್ತಿ ಹೇಳಿ ಮುಗಿಸೋ ತನಕ ಬಿಡಬೇಡ.”